ಉಪ್ಪು ಬಿಡಿಸುವ ಹೊತ್ತು

ಕಡಲಿಗೆ ಹೋಗಿ ಬಂದ ಔಟ್‌ಬೋರ್ಡ್ ಇಂಜಿನ್ ಕೆಡಲು ಶುರುವಾಗುವುದು ಅದನ್ನು ಬಂದ್ ಮಾಡಿದ ಮೇಲೆ. ಓಡುತ್ತಿರುವಷ್ಟು ಹೊತ್ತು ಅದರ ಒಳಗೆ ಕಡಲ ನೀರು ಹರಿಯುತ್ತಿರುತ್ತದೆ. ಕೆಳಗಿನ ಸೀಳುಗಳಿಂದ ಮೇಲೇರಿದ ನೀರು ಸಿಲಿಂಡರಿನ ಸುತ್ತ ಸುತ್ತಿ, ಬಿಸಿಯನ್ನು ಹೊತ್ತುಕೊಂಡು ಹೊರಗೆ ಹೋಗುತ್ತದೆ. ಉಪ್ಪೂ ಅದರ ಜೊತೆಗೇ ಹೋಗುತ್ತದೆ. ಇಂಜಿನ್ ನಿಂತ ಕೂಡಲೇ ಹರಿವು ನಿಲ್ಲುತ್ತದೆ, ಲೋಹದ ಬಿಸಿ ಮಾತ್ರ ಹಾಗೇ ಇರುತ್ತದೆ. ಸಂದುಗೊಂದಿಗಳಲ್ಲಿ ಉಳಿದ ನೀರು ಆ ಬಿಸಿಗೆ ಆರಿ ಉಪ್ಪು ಅಲ್ಲೇ ಕೂತುಬಿಡುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಇವತ್ತು ಕೂತ ಪದರದ ಮೇಲೆ ನಾಳೆಯದು, ಅದರ ಮೇಲೆ ನಾಡಿದ್ದಿನದು. ದಾರಿ ಕಿರಿದಾಗುತ್ತಾ ಹೋಗುತ್ತದೆ. ಕೊನೆಗೊಂದು ದಿನ ಇಂಜಿನ್ ಕಾದು ನಿಂತಾಗ ಜನ ಆ ದಿನವನ್ನು ಬೈಯುತ್ತಾರೆ. ಕೆಲಸ ಕೆಟ್ಟದ್ದು ಅದಕ್ಕಿಂತ ಎಷ್ಟೋ ಮೊದಲು, ತೊಳೆಯದೆ ಬಿಟ್ಟ ಸಂಜೆಗಳಲ್ಲಿ.

ನನ್ನ ಭಾವ ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: "ಇಂಜಿನ್ ಹಾಳಾಪ್ದ್ ಕಡಲಗಲ್ಲ ಭಾವ, ಮನಿಯಗೆ."

ನಮ್ಮದು ಗಂಗೊಳ್ಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಎಂಬ ಐದು ಹೊಳೆಗಳು ಒಂದಾಗಿ ಪಂಚಗಂಗಾವಳಿ ಎನಿಸಿಕೊಂಡು ಕಡಲಿಗೆ ಸೇರುವ ಜಾಗ. ದೋಣಿ ನಮ್ಮಿಬ್ಬರದು. ಬಲೆ, ಮೀನು, ಗಾಳಿ, ನೀರಿನ ಸೆಳೆತ ಎಲ್ಲ ಭಾವನ ಲೆಕ್ಕ. ಅವರು ಅದರಲ್ಲೇ ಬದುಕುವವರು. ನಾನು ಶಾಲೆಯಲ್ಲಿ ಪಾಠ ಹೇಳುವವನು, ರಜೆಯಲ್ಲಿ ಅವರ ಜೊತೆ ಹೋಗುವವನು. ಆದರೆ ಇಂಜಿನ್ನಿನ ಉಸ್ತುವಾರಿ ಮೊದಲಿನಿಂದಲೂ ನನ್ನದೇ. ಯಾರೂ ಹೇಳಿ ಕೊಟ್ಟ ಜವಾಬ್ದಾರಿಯಲ್ಲ ಅದು. ನನಗೆ ಅದರ ಮೇಲೆ ಪ್ರೀತಿ, ಅಷ್ಟೆ. ಪಾನಾ ಹಿಡಿದು ಆ ಮೆಷಿನ್ನಿನ ಎದುರು ಕೂತರೆ ನನಗೆ ಊಟದ ಹೊತ್ತು ಮೀರಿದ್ದೂ ತಿಳಿಯುವುದಿಲ್ಲ.

ಇಂಜಿನ್ 9.9 ಅಶ್ವಶಕ್ತಿಯದು, ಎರಡು ಸಿಲಿಂಡರಿನ ಟು-ಸ್ಟ್ರೋಕ್, ಸೀಮೆಎಣ್ಣೆಯಲ್ಲಿ ಓಡುವಂಥದ್ದು. 9.9 ಎಂಬುದಕ್ಕೂ ಕಾರಣ ಇದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿಯೊಳಗಿನ ಇಂಜಿನ್ ಹಾಕಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ದೊಡ್ಡ ಬೋಟುಗಳು ಬಂದರಿನಲ್ಲಿ ಸಾಲಾಗಿ ಕಟ್ಟಿಕೊಂಡು ಬಣ್ಣ ಬಳಿಸಿಕೊಳ್ಳುವಾಗ ನಮ್ಮಂಥವರ ಸಣ್ಣ ಇಂಜಿನ್ನುಗಳು ವರ್ಷದ ಅತಿ ಕಷ್ಟದ ಕೆಲಸಕ್ಕೆ ಇಳಿಯುತ್ತವೆ. ಮಳೆಗಾಲದ ಅಳಿವೆ ಎಂದರೆ ಏನೆಂದು ಕಂಡವರಿಗೆ ಗೊತ್ತು. ಒಳಗಿಂದ ನೆರೆಯ ನೀರು ತಳ್ಳುತ್ತದೆ, ಹೊರಗಿಂದ ತೆರೆ ಬಂದು ಅದಕ್ಕೆ ಬಡಿಯುತ್ತದೆ, ನಡುವೆ ಮರಳ ದಿಬ್ಬ ಹೋದ ವಾರ ಇದ್ದಲ್ಲಿ ಈ ವಾರ ಇರುವುದಿಲ್ಲ. ಅಲ್ಲಿ ಇಂಜಿನ್ ನಿಂತರೆ ದೋಣಿಯ ಮೂತಿಯನ್ನು ತೆರೆಗೆ ನೇರ ಹಿಡಿಯಲು ಆಗುವುದಿಲ್ಲ. ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿಯನ್ನು ಮುಂದಿನ ತೆರೆ ಮಗುಚುತ್ತದೆ. ಹೀಗೆ ಹೋದ ಜೀವಗಳು ನಮ್ಮ ಕರಾವಳಿಯ ಪ್ರತಿ ಕೇರಿಯಲ್ಲೂ ಇವೆ. ಅದಕ್ಕೇ ನಾನು ಈ ಕೆಲಸವನ್ನು ಖರ್ಚು ಉಳಿಸುವ ಉಪಾಯ ಎಂದು ಕಂಡವನಲ್ಲ. ಉಳಿಯುವ ದುಡ್ಡು ಉಳಿಯಲಿ, ಸಂತೋಷ. ಅಳಿವೆ ದಾಟುವವನ ಕೈ ಆ ಇಂಜಿನ್ನಿನ ಒಳಗೆ ಆಡಿರಬೇಕು ಎಂಬುದು ನನ್ನ ಹಟ.

ದಿನದ ಕೆಲಸ ದಡ ಸೇರುವ ಮೊದಲೇ ಶುರು. ಸೀಮೆಎಣ್ಣೆ ತಣ್ಣಗಿನ ಇಂಜಿನ್ನಿನಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ, ಅದಕ್ಕೇ ಸ್ಟಾರ್ಟ್ ಮಾಡುವುದು ಪೆಟ್ರೋಲಿನಲ್ಲಿ. ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತೇವೆ. ನಿಲ್ಲಿಸುವಾಗ ಇದೇ ಕ್ರಮ ಹಿಂದುಮುಂದಾಗಬೇಕು. ಜೆಟ್ಟಿ ಕಾಣುತ್ತಿದ್ದಂತೆ ಕಾಕ್ ತಿರುಗಿಸಿ ಪೆಟ್ರೋಲಿಗೆ ಬಂದು, ಕೆಲವು ನಿಮಿಷ ಅದರಲ್ಲೇ ಓಡಿಸಿ, ಕಾರ್ಬುರೇಟರಿನಲ್ಲಿದ್ದ ಸೀಮೆಎಣ್ಣೆಯನ್ನೆಲ್ಲ ಮುಗಿಸಿದ ಮೇಲೇ ನಿಲ್ಲಿಸಬೇಕು. ಅವಸರದಲ್ಲಿ ಸೀಮೆಎಣ್ಣೆಯಲ್ಲೇ ಬಂದ್ ಮಾಡಿದರೆ ಮರುದಿನ ಬೆಳಗಿನ ಕತ್ತಲಲ್ಲಿ ಹಗ್ಗ ಎಳೆದೆಳೆದು ಹೆಗಲು ಬೀಳುತ್ತದೆ.

ದಡಕ್ಕೆ ಬಂದ ಮೇಲೆ ಇಂಜಿನ್ ಬಿಚ್ಚಿ ಹೊತ್ತು ತಂದು ಮರದ ಚೌಕಟ್ಟಿಗೆ ಕಚ್ಚಿಸುತ್ತೇವೆ. ಅದರ ಕಾಲು ಪ್ಲಾಸ್ಟಿಕ್ ಡ್ರಮ್ಮಿನೊಳಗೆ. ಡ್ರಮ್ಮಿಗೆ ಬಾವಿಯ ನೀರು. ನೀರು ಸೀಳುಗಳ ಮೇಲೆ ಚೆನ್ನಾಗಿ ಏರಿದೆಯೇ ಎಂದು ನೋಡಿ, ನ್ಯೂಟ್ರಲ್‌ನಲ್ಲಿಟ್ಟು, ಮೆಲ್ಲನೆ ಹತ್ತು ನಿಮಿಷ ಓಡಿಸಬೇಕು. ಹಿಂದಿನ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮುತ್ತದೆ. ಮೊದಲು ಬರುವ ನೀರನ್ನು ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಡ್ರಮ್ಮಿನ ನೀರು ಒಮ್ಮೆ ಬದಲಿಸಿ ಮತ್ತೆ ಓಡಿಸಿದರೆ ಸಪ್ಪೆ. ಭಾವ ಎಲ್ಲಿದ್ದರೂ, ಬಲೆ ಕೊಡವುತ್ತಿದ್ದರೂ, ಇಂಜಿನ್ ಶಬ್ದ ಕೇಳಿದ ಕೂಡಲೇ ಕೂಗುವುದು ಒಂದೇ: "ನೀರ್ ಬತ್ತಿತ್ತಾ ಕಾಣಿ!" ನೀರಿಲ್ಲದೆ ಓಡಿಸಿದರೆ ನೀರನ್ನು ಮೇಲೆ ತಳ್ಳುವ ಒಳಗಿನ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗಲು ನಿಮಿಷವೂ ಬೇಡ. ಮಾರುವವರು ಗಿರಾಕಿಗೆ ಶಬ್ದ ಕೇಳಿಸಲೆಂದು ಒಣಗಿನಲ್ಲಿ ಇಂಜಿನ್ ಹಚ್ಚುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಬೇಸಿಗೆಯಲ್ಲಿ ನಮ್ಮ ಕಡೆ ಬಾವಿಯ ನೀರೂ ಉಪ್ಪಾಗುತ್ತದೆ. ಏಪ್ರಿಲ್ ಮುಗಿಯುವಾಗ ಹೊಳೆಯ ಬದಿಯ ಬಾವಿಗಳಲ್ಲಿ ಕಡಲು ಒಳಗೆ ಬಂದಿರುತ್ತದೆ. ಆಗ ಡ್ರಮ್ಮಿಗೆ ಒಳ್ಳೆಯ ನೀರನ್ನು ದೂರದಿಂದ ಹೊರಬೇಕು. ಕುಡಿಯಲು ಕೊಡಪಾನ ಹಿಡಿದು ಸಾಲು ನಿಂತ ದಿನಗಳಲ್ಲಿ ಇಂಜಿನ್ನಿಗೆ ಸಿಹಿ ನೀರು ಸುರಿಯಲು ಮನಸ್ಸಾಗುವುದಿಲ್ಲ. ಆಗ ನಾನು ಡ್ರಮ್ ಬಿಟ್ಟು, ಕಾಲಿನ ಆಕಾರಕ್ಕೆ ಹೊಂದುವ ಕಿರಿದಾದ ಪೆಟ್ಟಿಗೆ ಬಳಸುತ್ತೇನೆ. ಅರ್ಧ ನೀರಿನಲ್ಲಿ ಕೆಲಸ ಆಗುತ್ತದೆ. ಜೂನ್ ಬಂದರೆ ಚಾವಣಿಯ ಕೆಳಗೆ ಹಂಡೆ ಇಟ್ಟರೆ ಸಾಕು.

ಮಳೆಗಾಲದಲ್ಲಿ ಹೊಳೆಯ ನೀರು ಸಪ್ಪೆಯೇ ಆಗಿರುವುದರಿಂದ ತೊಳೆಯುವುದು ಬೇಡ ಎಂದು ಹಲವರು ಬಿಡುತ್ತಾರೆ. ಉಪ್ಪು ಕಡಿಮೆಯಾಗುವುದು ನಿಜ, ಆದರೆ ಆ ಕೆಂಪು ನೀರಿನಲ್ಲಿ ಘಟ್ಟದ ಮಣ್ಣೂ ಮರಳೂ ಇರುತ್ತವೆ. ಉಪ್ಪು ದಾರಿ ಕಟ್ಟಿದರೆ ಮರಳು ದಾರಿಯನ್ನು ಉಜ್ಜಿ ಸವೆಸುತ್ತದೆ. ಇಂಪೆಲ್ಲರ್ ಬೇಗ ಹೋಗುವುದು ನಿಜವಾಗಿ ಮಳೆಗಾಲದಲ್ಲೇ.

ಇಂಪೆಲ್ಲರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಇಂಜಿನ್ನಿನ ಪ್ರಾಣ ಅಂಗೈಯಲ್ಲಿ ಹಿಡಿಸುವ ಆ ರಬ್ಬರ್ ಚಕ್ರದಲ್ಲಿದೆ. ಅದು ಕೂತಿರುವ ಜಾಗ ತಿಳಿಯಲು ಮೊದಲು ಇಂಜಿನ್ನಿನ ರೂಪ ತಿಳಿಯಬೇಕು. 1909ರಲ್ಲಿ ನಾರ್ವೆ ಮೂಲದ ಓಲೆ ಎವಿನ್‌ರೂಡ್ ಅಮೆರಿಕದ ಮಿಲ್ವಾಕಿಯಲ್ಲಿ ತನ್ನ ಔಟ್‌ಬೋರ್ಡ್ ಇಂಜಿನ್ ಮಾರುಕಟ್ಟೆಗೆ ತಂದ. ಒಂದೂವರೆ ಅಶ್ವಶಕ್ತಿಯ ಯಂತ್ರ ಅದು. ಅಂದಿನ ಮೂಲ ರೂಪ ಇಂದಿಗೂ ಬದಲಾಗಿಲ್ಲ: ಮೇಲೆ ತಲೆ, ನಡುವೆ ಉದ್ದನೆಯ ಶಾಫ್ಟ್, ಕೆಳಗೆ ಗೇರು, ಗೇರಿಗೆ ಫ್ಯಾನ್, ಅಂದರೆ ಪ್ರೊಪೆಲ್ಲರ್. ಇಂದಿನ ಇಂಜಿನ್ನುಗಳಲ್ಲಿ ಆ ಶಾಫ್ಟಿನ ಕೆಳತುದಿಗೆ, ಗೇರ್ ಪೆಟ್ಟಿಗೆಯ ನೆತ್ತಿಯ ಮೇಲೆ, ಇಂಪೆಲ್ಲರ್ ಕೂತಿರುತ್ತದೆ. ಅದನ್ನು ನೋಡಬೇಕಾದರೆ ಇಂಜಿನ್ನಿನ ಕೆಳಭಾಗವನ್ನೇ ಬೇರ್ಪಡಿಸಬೇಕು. ಹಾಗಾಗಿ ಮೇಲಿನ ಕವರ್ ತೆಗೆದು ಒರೆಸುವವರೂ ಇಲ್ಲಿಗೆ ಬರುವುದಿಲ್ಲ.

ನಾನು ಇದನ್ನು ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮೊದಲು ಬಿಚ್ಚುತ್ತೇನೆ. ಹಿಂದಿನ ರಾತ್ರಿಯೇ ಬೋಲ್ಟುಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಬೇಕು. ಅಲ್ಯೂಮಿನಿಯಂ ಮೈಯಲ್ಲಿ ಸ್ಟೀಲ್ ಬೋಲ್ಟ್ ಉಪ್ಪುನೀರಿನಲ್ಲಿ ಕೂತಿದ್ದರೆ ಎರಡೂ ಕಚ್ಚಿಕೊಂಡುಬಿಡುತ್ತವೆ. ಬಲ ಹಾಕಿದರೆ ಬೋಲ್ಟಿನ ತಲೆ ಮುರಿಯುತ್ತದೆ, ಬುಡ ಒಳಗುಳಿಯುತ್ತದೆ. ಸ್ವಲ್ಪ ಸಡಿಲಿಸಿ, ಸ್ವಲ್ಪ ಬಿಗಿದು, ಮತ್ತೆ ಸಡಿಲಿಸಿ, ಸಮಾಧಾನದಿಂದ ಹೊರಗೆ ತರಬೇಕು. ಗೇರ್ ಕಡ್ಡಿಯ ಜೋಡಣೆ ಬಿಡಿಸಿದ ಮೇಲೆ ಕೆಳಭಾಗ ಶಾಫ್ಟಿನ ಸಮೇತ ಕೈಗೆ ಬರುತ್ತದೆ. ಪಂಪಿನ ಮುಚ್ಚಳ ಎತ್ತಿದರೆ ಇಂಪೆಲ್ಲರ್.

ಕಪ್ಪು ರಬ್ಬರಿನ ಗುಬಟು, ಅದರ ಸುತ್ತ ರೆಕ್ಕೆಗಳು. ಪಂಪಿನ ಮನೆ ಶಾಫ್ಟಿಗೆ ಸರಿಯಾಗಿ ನಡುವಿಗಿಲ್ಲ, ಒಂದು ಬದಿಗೆ ಸರಿದಿದೆ. ಹಾಗಾಗಿ ಪ್ರತಿ ರೆಕ್ಕೆಯೂ ಸುತ್ತಿಗೊಮ್ಮೆ ಬಾಗಿ, ನೆಟ್ಟಗಾಗಿ, ನೀರನ್ನು ತಳ್ಳುತ್ತದೆ. ಹೊಸದರ ರೆಕ್ಕೆ ನೆಟ್ಟಗೆ ನಿಂತಿರುತ್ತದೆ. ವರ್ಷ ದುಡಿದದ್ದರ ರೆಕ್ಕೆಗಳೆಲ್ಲ ಒಂದೇ ಕಡೆಗೆ ವಾಲಿ, ಬಿಟ್ಟರೂ ಹಾಗೇ ಉಳಿಯುತ್ತವೆ. ಹೆಬ್ಬೆರಳಿನಿಂದ ಒಂದೊಂದನ್ನೇ ಹಿಂದಕ್ಕೆ ಬಾಗಿಸಿ ಬುಡ ನೋಡಬೇಕು. ಬಿರುಕು ಇರುವುದು ಅಲ್ಲಿ, ಕೂದಲೆಳೆಯಷ್ಟು. ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ತುದಿಗಳು ಹೊಳೆಯುತ್ತಿದ್ದರೆ ಎಂದೋ ಒಮ್ಮೆ ನೀರಿಲ್ಲದೆ ತಿರುಗಿದೆ ಎಂದರ್ಥ. ರೆಕ್ಕೆಯ ತುಂಡು ಹರಿದು ಹೋಗಿದ್ದರೆ ಹೊಸದು ಹಾಕಿ ಸುಮ್ಮನಾಗುವಂತಿಲ್ಲ, ಆ ತುಂಡು ಎಲ್ಲಿದೆಯೆಂದು ಹುಡುಕಲೇಬೇಕು. ಅದು ಮೇಲಿನ ನೀರಿನ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಹೊಸ ಇಂಪೆಲ್ಲರ್ ಎಷ್ಟು ಚೆನ್ನಾಗಿ ತಳ್ಳಿದರೂ ಆ ತುಂಡಿನ ಮುಂದೆ ನೀರು ಹೋಗುವುದಿಲ್ಲ.

ಹೊಸದನ್ನು ಕೂರಿಸುವಾಗ ಶಾಫ್ಟನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಮೆಲ್ಲನೆ ತಿರುಗಿಸುತ್ತಾ ಮುಚ್ಚಳ ಒತ್ತಬೇಕು, ಆಗ ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿಸುವ ಸಣ್ಣ ಕೀಲಿ ಜಾರದಂತೆ ಅದಕ್ಕೆ ಚಿಟಿಕೆ ಗ್ರೀಸ್. ಶಾಫ್ಟಿನ ಹಲ್ಲುಗಳಿಗೂ ಗ್ರೀಸ್, ಆದರೆ ಶಾಫ್ಟಿನ ನೆತ್ತಿಗೆ ಬೇಡ. ಅಲ್ಲಿ ತುಂಬಿಕೊಂಡ ಗ್ರೀಸ್ ಕೆಳಭಾಗ ಪೂರ್ತಿ ಕೂರದಂತೆ ತಡೆಯುತ್ತದೆ. ಬಿಚ್ಚಿದ ಪ್ರತಿ ಬೋಲ್ಟಿಗೂ ಗ್ರೀಸ್ ಸವರಿಯೇ ಹಾಕಬೇಕು. ಈ ಒಂದು ಅಭ್ಯಾಸ ಇದ್ದರೆ ಮುಂದಿನ ವರ್ಷದ ಕೆಲಸ ಅರ್ಧಕ್ಕರ್ಧ ಹಗುರ.

ಗೇರ್ ಆಯಿಲ್‌ನದು ಇಷ್ಟು ಶ್ರಮವಿಲ್ಲ, ಆದರೆ ಅದರಷ್ಟು ಸ್ಪಷ್ಟವಾಗಿ ಮಾತಾಡುವುದು ಬೇರೊಂದಿಲ್ಲ. ಗೇರ್ ಪೆಟ್ಟಿಗೆಗೆ ಮೇಲೊಂದು ಕೆಳಗೊಂದು ಸ್ಕ್ರೂ. ಕೆಳಗಿನದನ್ನು ತೆಗೆದು, ಮೇಲಿನದನ್ನೂ ತೆಗೆದರೆ ಎಣ್ಣೆ ಇಳಿಯುತ್ತದೆ. ಬಿಳಿ ತಟ್ಟೆಯಲ್ಲಿ ಹಿಡಿದು ಬೆಳಕಿಗೆ ನೋಡುತ್ತೇನೆ. ಕಂದು ಬಣ್ಣ, ಪಾರದರ್ಶಕ: ಎಲ್ಲ ಚೆನ್ನಾಗಿದೆ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ. ಸೀಲ್ ಹೋಗಿದೆ, ಇಲ್ಲವೇ ಸ್ಕ್ರೂಗಳ ವಾಷರ್ ಹಳತಾಗಿದೆ. ಎರಡು ಬೆರಳ ನಡುವೆ ಉಜ್ಜಿದಾಗ ನುಣುಪಾದ ಮಸಿ ಬಂದರೆ ಪರವಾಗಿಲ್ಲ, ಕಣ ಸಿಕ್ಕಿದರೆ ಗೇರಿನ ಹಲ್ಲು ಸವೆಯುತ್ತಿದೆ. ಹೊಸ ಎಣ್ಣೆ ತುಂಬಬೇಕಾದದ್ದು ಕೆಳಗಿನ ತೂತಿನಿಂದ. ಎಣ್ಣೆ ಏರುತ್ತಾ ಗಾಳಿಯನ್ನು ಮೇಲಿನ ತೂತಿನಿಂದ ಹೊರಗೆ ಹಾಕುತ್ತದೆ, ಗುಳ್ಳೆ ಉಳಿಯುವುದಿಲ್ಲ. ಮೇಲಿನಿಂದ ಎಣ್ಣೆ ಇಣುಕಿದ ಮೇಲೆ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ನಮ್ಮದಕ್ಕೆ ಕಾಲು ಲೀಟರಿನ ಆಸುಪಾಸು ಹಿಡಿಸುತ್ತದೆ. ಅಷ್ಟು ಎಣ್ಣೆ, ಎರಡು ವಾಷರ್. ಇದನ್ನು ಮಾಡದೆ ಗೇರ್ ಕಳೆದುಕೊಂಡವರು ಕಟ್ಟುವ ಬಿಲ್ ನೋಡಿದರೆ ಸಂಕಟವಾಗುತ್ತದೆ.

ಆ ಸೀಲ್ ಹೋಗುವುದಕ್ಕೆ ನಮ್ಮ ಕಡೆ ಮುಖ್ಯ ಕಾರಣ ನೈಲಾನ್ ದಾರ. ಬಲೆಯ ತುಂಡು, ಯಾರೋ ಬಿಸಾಡಿದ ಗಾಳದ ದಾರ ಫ್ಯಾನ್‌ಗೆ ಸುತ್ತಿಕೊಂಡು ಅದರ ಹಿಂದೆ ಸರಿದು, ಶಾಫ್ಟ್ ತಿರುಗಿದಂತೆಲ್ಲ ಒಳಗೆ ಒಳಗೆ ಕೊರೆಯುತ್ತದೆ. ಹೊರಗಿನಿಂದ ಒಂದೆಳೆಯೂ ಕಾಣುವುದಿಲ್ಲ. ಫ್ಯಾನ್ ಬಿಚ್ಚಿದರೆ ಬಿಗಿಯಾಗಿ ಸುತ್ತಿದ ಉಂಗುರವೇ ಸಿಗುತ್ತದೆ, ಬಿಸಿಗೆ ಅರೆಬರೆ ಕರಗಿ ಗಟ್ಟಿಯಾದದ್ದು. ಹಾಗಾಗಿ ತಿಂಗಳಿಗೊಮ್ಮೆಯಾದರೂ ಫ್ಯಾನ್ ತೆಗೆದು ನೋಡಿ, ಶಾಫ್ಟಿಗೆ ಗ್ರೀಸ್ ಹಚ್ಚಿ, ಹೊಸ ಪಿನ್ ಹಾಕಿ ಕೂರಿಸುವುದು ಒಳ್ಳೆಯದು. ಫ್ಯಾನ್ ಮುಟ್ಟುವ ಮೊದಲು ಪ್ಲಗ್ಗಿನ ವಯರ್ ಕಿತ್ತಿಡಬೇಕು. ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಪ್ಲಗ್ ಸ್ವಚ್ಛ ಮಾಡುವುದು ಬೈಕ್ ಇದ್ದವರಿಗೆಲ್ಲ ಗೊತ್ತು. ಸೀಮೆಎಣ್ಣೆಯ ಇಂಜಿನ್ನಿನಲ್ಲಿ ಮಸಿ ಬೇಗ ಕಟ್ಟುತ್ತದೆ, ಅದನ್ನು ಹೆಚ್ಚು ಸಲ ಮಾಡಬೇಕು, ಅಷ್ಟೆ. ಆಯಿಲ್ ಬೆರೆಸುವುದರಲ್ಲಿ ಮಾತ್ರ ನನ್ನದೊಂದು ತಕರಾರಿದೆ. ನಮ್ಮ ಇಂಜಿನ್ನಿಗೆ 50 ಪಾಲಿಗೆ 1 ಪಾಲು, ಅಂದರೆ 20 ಲೀಟರಿಗೆ 400 ಮಿಲಿಲೀಟರ್. ಇರಲಿ ಎಂದು ಒಂದಿಷ್ಟು ಹೆಚ್ಚು ಸುರಿಯುವವರೇ ಎಲ್ಲ. ಹೆಚ್ಚಿನ ಆಯಿಲ್ ಇಂಜಿನ್ನಿಗೆ ರಕ್ಷೆಯಾಗುವುದಿಲ್ಲ, ಮಸಿಯಾಗುತ್ತದೆ, ಪ್ಲಗ್ ಕಟ್ಟುತ್ತದೆ. ಸ್ಕೂಟರಿನ ಟು-ಟಿ ಆಯಿಲ್ ಹಾಕುವುದೂ ಸರಿಯಲ್ಲ. ಅದು ಗಾಳಿಯಿಂದ ತಣಿಯುವ ಬಿಸಿ ಇಂಜಿನ್ನಿಗೆ ಮಾಡಿದ್ದು, ನೀರಿನಿಂದ ತಣಿಯುವ ಇಂಜಿನ್ನಿಗೆ ಬೇಕಾದದ್ದು ಬೂದಿ ಉಳಿಸದ ಬೇರೆ ಆಯಿಲ್. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂಬ ಗುರುತು ನೋಡಿ ಕೊಳ್ಳಬೇಕು.

ಈಚೆಗೆ ಪೆಟ್ರೋಲಿನದೇ ಒಂದು ಹೊಸ ಚಿಂತೆ. ಬಂಕಿನಲ್ಲಿ ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದ್ದು ಮಿತಿ ಮೀರಿದರೆ ನೀರೂ ಎಥೆನಾಲೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಬೈಕಿನಲ್ಲಿ ವಾರಕ್ಕೊಮ್ಮೆ ಪೆಟ್ರೋಲ್ ಖಾಲಿಯಾಗುತ್ತದೆ, ತೊಂದರೆ ಕಾಣುವುದಿಲ್ಲ. ನಮ್ಮ ಇಂಜಿನ್ನಿನಲ್ಲಿ ಪೆಟ್ರೋಲ್ ಬೇಕಾಗುವುದು ಹಚ್ಚುವಾಗ, ನಿಲ್ಲಿಸುವಾಗ ಮಾತ್ರ. ಸಣ್ಣ ಟ್ಯಾಂಕಿನಲ್ಲಿ ಅದು ದಿನಗಟ್ಟಲೆ ಕೂತಿರುತ್ತದೆ, ಅದೂ ಕಡಲ ಗಾಳಿಯಲ್ಲಿ. ಅದಕ್ಕೇ ಸ್ವಲ್ಪ ಸ್ವಲ್ಪವೇ ತಂದು ಬೆರೆಸಿಕೊಳ್ಳುತ್ತೇವೆ. ಫಿಲ್ಟರಿನ ಪಾರದರ್ಶಕ ಬಟ್ಟಲಿನ ತಳದಲ್ಲಿ ಬೇರೆ ಪದರ ಕಂಡರೆ ಆ ಟ್ಯಾಂಕನ್ನು ಖಾಲಿ ಮಾಡಿ ಒರೆಸದೆ ಹೊರಡುವುದಿಲ್ಲ.

ಇನ್ನು ಜಿಂಕ್, ಅಂದರೆ ಸತು. ಇಂಜಿನ್ನಿನ ಕಾಲಿಗೆ, ಫ್ಯಾನ್ ಹತ್ತಿರ ಬೂದು ಲೋಹದ ಸಣ್ಣ ತುಂಡೊಂದನ್ನು ಬಿಗಿದಿರುತ್ತಾರೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಟ್ಟಿಗಿದ್ದರೆ ಒಂದು ಇನ್ನೊಂದಕ್ಕಾಗಿ ಕರಗುತ್ತದೆ. ಕರಗಲೆಂದೇ ಈ ತುಂಡನ್ನು ಇಟ್ಟಿರುವುದು, ಇಂಜಿನ್ನಿನ ಅಲ್ಯೂಮಿನಿಯಂ ಮೈ ಉಳಿಯಲಿ ಎಂದು. ಇದನ್ನು 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಗೆ ತೋರಿಸಿಕೊಟ್ಟ. ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಕಡಲಲ್ಲಿ ಸವೆಯುತ್ತಿತ್ತು. ಅದಕ್ಕೆ ಸತು ಇಲ್ಲವೇ ಕಬ್ಬಿಣದ ತುಂಡು ತಾಗಿಸಿಟ್ಟರೆ ತಾಮ್ರ ಉಳಿಯುತ್ತದೆ ಎಂಬುದು ಅವನ ಶೋಧ. ತಾಮ್ರ ಉಳಿಯಿತು. ಆದರೆ ಕರಗುವ ತಾಮ್ರದ ವಿಷವೇ ಚಿಪ್ಪುಹುಳುಗಳನ್ನು ದೂರ ಇಡುತ್ತಿತ್ತು. ತಾಮ್ರ ಕರಗದಾದಾಗ ಅವು ಹಡಗಿನ ತಳಕ್ಕೆ ಮುತ್ತಿಕೊಂಡವು, ನೌಕಾಪಡೆ ಆ ಉಪಾಯವನ್ನು ಕೈಬಿಟ್ಟಿತು. ಇನ್ನೂರು ವರ್ಷದ ನಂತರ ಅದೇ ವಿದ್ಯೆ ನಮ್ಮ ಚೌಕಟ್ಟಿನ ಮೇಲೆ ನೇತಾಡುವ ಇಂಜಿನ್ನನ್ನು ಕಾಯುತ್ತಿದೆ ಎನ್ನುವುದು ನನಗೆ ಪ್ರತಿ ಸಲವೂ ರೋಮಾಂಚನ ತರುತ್ತದೆ. ಈ ತುಂಡಿಗೆ ಬಣ್ಣ ಬಳಿಯಬಾರದು. ಬಣ್ಣ ಬಳಿದರೆ ಅದಕ್ಕೂ ನೀರಿಗೂ ಸಂಬಂಧವೇ ಇರುವುದಿಲ್ಲ, ಆಮೇಲೆ ಕರಗುವುದು ಇಂಜಿನ್. ಆಯುಧಪೂಜೆಗೆ ಮೊದಲು ಅಂದ ಮಾಡಲೆಂದು ಕಾಲಿನಿಂದ ಫ್ಯಾನ್‌ವರೆಗೆ ಸ್ಪ್ರೇ ಹೊಡೆಸಿದ ಇಂಜಿನ್ನುಗಳನ್ನು ಕಂಡಾಗ ನಾನು ಉಪ್ಪುಕಾಗದ ಹಿಡಿದು ಅವರ ದೋಣಿಗೇ ಹೋಗಿ ಆ ತುಂಡನ್ನು ಉಜ್ಜಿ ಬಂದಿದ್ದೇನೆ. ಅರ್ಧ ಸವೆದರೆ ಬದಲಿಸಬೇಕು.

ಎಲ್ಲವನ್ನೂ ನಾವೇ ಮಾಡುತ್ತೇವೆ ಎಂದಲ್ಲ. ಕ್ರ್ಯಾಂಕ್, ಪಿಸ್ಟನ್ ರಿಂಗ್, ಗೇರಿನ ಹೊಂದಾಣಿಕೆ ನುರಿತ ಮೆಕ್ಯಾನಿಕ್ಕಿನ ಕೆಲಸ. ಅಳತೆಯ ಉಪಕರಣವಿಲ್ಲದೆ ಅಲ್ಲಿ ಕೈ ಹಾಕಬಾರದು. ಆದರೆ ಅಲ್ಲಿಗೆ ಹೋಗುವ ಮೊದಲೇ ಏನಾಗಿದೆ ಎಂದು ಹೇಳಲು ನಮಗೆ ಬರಬೇಕು. ಎಣ್ಣೆಯ ಬಣ್ಣ, ಚಿಮ್ಮುವ ನೀರಿನ ಬಲ, ಪ್ಲಗ್ಗಿನ ಮಸಿ ಇವನ್ನು ತಿಂಗಳುಗಟ್ಟಲೆ ನೋಡಿದವನಿಗೆ ವ್ಯತ್ಯಾಸ ಬಂದ ದಿನವೇ ತಿಳಿಯುತ್ತದೆ. ಮೆಕ್ಯಾನಿಕ್ ಎಷ್ಟೇ ನಿಪುಣನಾದರೂ ಅವನು ಕಾಣುವುದು ಕೆಟ್ಟ ಮೇಲಿನ ಇಂಜಿನ್ನನ್ನು.

ನನಗಿರುವ ದೊಡ್ಡ ಕೊರಗು ಪುಸ್ತಕದ್ದು. ಇಂಜಿನ್ ಜೊತೆ ಬಂದ ಕೈಪಿಡಿಯಲ್ಲಿ ಇದೆಲ್ಲ ಇದೆ, ಅಚ್ಚುಕಟ್ಟಾಗಿದೆ, ಆದರೆ ಇಂಗ್ಲಿಷಿನಲ್ಲಿ. ನಾಡದೋಣಿಗೆ ಇಂಜಿನ್ ಕೊಳ್ಳಲು ಸಹಾಯಧನದ ಯೋಜನೆಗಳು ಬಂದಿವೆ, ಅದು ಒಳ್ಳೆಯದೇ. ಇಂಜಿನ್ನಿನ ಪೆಟ್ಟಿಗೆಯಲ್ಲೇ ಒಂದು ಇಂಪೆಲ್ಲರ್, ನಾಲ್ಕು ವಾಷರ್, ಕನ್ನಡದಲ್ಲಿ ಎರಡು ಪುಟ ಇಟ್ಟು ಕೊಡಬೇಕೆಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಅಲ್ಲಿಯವರೆಗೆ ಕಾಯುವುದು ಬೇಡ ಎಂದು ದೋಣಿಗಳನ್ನು ಎಳೆದಿಡುವ ಚಪ್ಪರದಲ್ಲಿ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ತೂಗುಹಾಕಿದ್ದೇನೆ: ದಿನಾ ಮಾಡುವುದು, ತಿಂಗಳಿಗೆ ಮಾಡುವುದು, ಮಳೆಗೆ ಮೊದಲು ಮಾಡುವುದು. ಓದಿದವರು ತಿದ್ದುತ್ತಲೂ ಇದ್ದಾರೆ. ಯಾರೋ ಪೆನ್ನಿನಲ್ಲಿ "ಪ್ಲಗ್ ವಯರ್ ತೆಗೆಯದೆ ಫ್ಯಾನ್ ಮುಟ್ಟಬೇಡಿ" ಎಂಬುದನ್ನು ಕೆಳಗಿನಿಂದ ಎತ್ತಿ ಎಲ್ಲಕ್ಕಿಂತ ಮೇಲೆ ಬರೆದಿದ್ದಾರೆ. ಅದು ಅಲ್ಲೇ ಇರಬೇಕಾದದ್ದು. ಹಿರಿಯರೊಬ್ಬರು ಅಕ್ಷರಕ್ಕಿಂತ ಚಿತ್ರ ಹಾಕಿದರೆ ನಮಗೆ ಅನುಕೂಲ ಎಂದರು. ಗೇರ್ ಪೆಟ್ಟಿಗೆಯ ಎರಡು ಸ್ಕ್ರೂಗಳ ಚಿತ್ರವನ್ನು ಭಾವನ ಮಗಳು ಬರೆದುಕೊಟ್ಟಿದ್ದಾಳೆ, ಬಾಣದ ಗುರುತು ಸಮೇತ. ಇಂಪೆಲ್ಲರಿನದು, ಗೇರ್ ಕಡ್ಡಿ ಬಿಡಿಸುವುದು ಇನ್ನೂ ಬಾಕಿ ಇವೆ. ಕೆಳಭಾಗ ಬಿಚ್ಚಿ ಎದುರಿಗಿಟ್ಟುಕೊಂಡೇ ಬರೆಯುತ್ತೇನೆ ಎನ್ನುತ್ತಾಳೆ, ಆದ್ದರಿಂದ ಅದು ಮೇ ತಿಂಗಳಿಗೆ.